ನೋಲೀನ್ ತೊಂಬತ್ತಕ್ಕೆ ಕೊಟೇಶನ್ ಬೇಕೆ?

ಡೆಸ್ಲಿ: ತೆಗಿ ಅಂದೆನಲ್ಲ ಗಾರ್ತ್! ನಮ್ಮಮ್ಮನ ಹೆಸರಿಗೆ ಆ ಕೊಟೇಶನ್ ಮಾರ್ಕ್ ಯಾಕೆ?

ಗಾರ್ತ್: ತೆಗೆಯೋಕಾಗಲ್ಲ ಡೆಸ್ಲಿ. ಇದು ಸ್ಟೈಲ್‌ಶೀಟು, ಪುಟ ಹೇಗೆ ಕಾಣಬೇಕು ಅಂತ ಬ್ರೌಸರ್‌ಗೆ ಹೇಳೋದು. ಗಿರಾಕಿಗಳ ಕಣ್ಣಿಗೆ ಬೀಳೋದೇ ಇಲ್ಲ.

ಡೆಸ್ಲಿ: ನನ್ನ ಕಣ್ಣಿಗೆ ಬಿತ್ತಲ್ಲ!

ಬರ್ನಿ ಊರಿನ ಬಂದರು ರಸ್ತೆಯಲ್ಲಿ ಡೆಸ್ಲಿಯ ಬೇಕರಿ; ಕಡಲ ಚಿಪ್ಪಿನ ಮಾಂಸ ತುಂಬಿದ ಸ್ಕ್ಯಾಲಪ್ ಪೈ ಅಲ್ಲಿಯ ವಿಶೇಷ. ಅವಳ ತಾಯಿ ನೋಲೀನ್‌ಗೆ ಅಂದು ತೊಂಬತ್ತು ತುಂಬಿತ್ತು. ತಾಯಿಯ ಹಳೆಯ ಅಡುಗೆ ಪುಸ್ತಕದ ಕೈಬರಹ ನೋಡಿ, ಬೇಕರಿಯ ಜಾಲತಾಣ ನೋಡಿಕೊಳ್ಳುವ ಗಾರ್ತ್ ಕಂಪ್ಯೂಟರಿಗೆ ಅದೇ ಅಕ್ಷರಗಳ ಒಂದು ಫಾಂಟ್ ಮಾಡಿದ್ದ. ಅದಕ್ಕೆ ನೋಲೀನ್ 90 ಎಂದು ಹೆಸರಿಟ್ಟು ಬೇಕರಿಯ ಜಾಲತಾಣಕ್ಕೆಲ್ಲ ತೊಡಿಸಿದ್ದ. ಹತ್ತು ಗಂಟೆಗೆ ಮುದುಕಿ ಬಂದು ನೋಡಬೇಕು. ಆಗಲೇ ಒಂಬತ್ತೂ ಮುಕ್ಕಾಲು. ಗಾರ್ತ್‌ನ ಎರಡು ತಿಂಗಳ ಕೆಲಸ ಕೊಟೇಶನ್ನಿನ ಎರಡು ಗೀಟಿನ ಮುಂದೆ ಬಂದು ಸಿಕ್ಕಿಕೊಂಡಿತ್ತು.

ಡೆಸ್ಲಿ: ಹೋದ ವರ್ಷ ಬೋರ್ಡ್ ಬರೆಯೋನು ತಾಜಾ ಪೈ ಅನ್ನೋದ್ರಲ್ಲಿ ತಾಜಾಕ್ಕೆ ಕೊಟೇಶನ್ ಹಾಕಿ ಹೋದ. ಊರಿಗೆ ಊರೇ ಬಂದು, ನಿಜವಾಗ್ಲೂ ತಾಜಾನಾ, ಇಲ್ಲ ಬರೀ ಬಾಯಿಮಾತಾ ಅಂತ ಕಣ್ಣು ಹೊಡೀತು. ಈಗ ನಮ್ಮಮ್ಮನ ಮೇಲೂ ಅನುಮಾನನಾ?

ಗಾರ್ತ್: ಅನುಮಾನ ಅಲ್ಲ, ಮರ್ಯಾದೆ! ಹೆಸರಲ್ಲಿ ಜಾಗ ಬಿಟ್ಟು 90 ಬಂದಿದೆ. ಬರೀ ಅಂಕಿ ಕಂಡ್ರೆ ಬ್ರೌಸರ್ ಇದು ಹೆಸರೇ ಅಲ್ಲ ಅಂತ ಇಡೀ ಸಾಲನ್ನೇ ಎಸೆಯುತ್ತೆ. ಕೊಟೇಶನ್ ಒಳಗಿಟ್ರೆ...

ಅವನು ಹೇಳಿ ಮುಗಿಸುವಷ್ಟರಲ್ಲಿ ಡೆಸ್ಲಿ ಹಿಟ್ಟು ಮೆತ್ತಿದ ಬೆರಳಿನಿಂದ ಎರಡು ಗೀಟನ್ನೂ ಅಳಿಸಿ ಸೇವ್ ಒತ್ತಿಯೇಬಿಟ್ಟಳು. ಪರದೆಯ ಮೇಲಿನ ಬಳುಕುವ ಕೈಬರಹ ಮಾಯವಾಗಿ, ಪೇಪರಿನ ಶ್ರದ್ಧಾಂಜಲಿ ಪುಟದಂಥ ಅಕ್ಷರಗಳು ಬಂದು ಕೂತವು.

ಡೆಸ್ಲಿ: ಅಯ್ಯೋ! ಅಮ್ಮ ಎಲ್ಲಿ?

ಗಾರ್ತ್: ನೀವೇ ಓಡಿಸಿದ್ರಿ.

ಡೆಸ್ಲಿ: ವಾಪಸ್ ಹಾಕು ಮಾರಾಯ! ಹಾಕೋದಾದ್ರೆ ಇಬ್ಬರಿಗೂ ಹಾಕು. ಪಕ್ಕದಲ್ಲಿ ಕರ್ಸಿವ್ ಅಂತ ಯಾವನೋ ಬರಿಮೈಲಿ ನಿಂತಿದ್ದಾನೆ.

ಗಾರ್ತ್: ಅವನಿಗೆ ಹಾಕಬಾರದು!

ಡೆಸ್ಲಿ: ನಮ್ಮಮ್ಮನಿಗೆ ಹಾಕಲೇಬೇಕು, ಅವನಿಗೆ ಹಾಕಬಾರದು. ಯಾವೂರ ನ್ಯಾಯ ಇದು?

ಗಾರ್ತ್: ಅದು ಯಾರ ಹೆಸರೂ ಅಲ್ಲ. ನೋಲೀನ್ ಸಿಗದಿದ್ರೆ ಕೈಬರಹದ ಥರ ಇರೋ ಯಾರನ್ನಾದ್ರೂ ಕಳಿಸು ಅಂತ ಅರ್ಥ. ಕೊಟೇಶನ್ ಹಾಕಿದ್ರೋ, ಯಾರಾದ್ರೂ ಅನ್ನೋ ಹೆಸರಿನ ಆಸಾಮಿನೇ ಹುಡುಕ್ತಾ ಹೋಗುತ್ತೆ.

ಡೆಸ್ಲಿ: ಸಿಕ್ತಾನಾ?

ಗಾರ್ತ್: ಸಿಗಲ್ಲ!

ಡೆಸ್ಲಿ: ಸಿಗದೇ ಇರೋನನ್ನ ನನ್ನ ಅಂಗಡಿಗೆ ಯಾಕೆ ಕರೆದೆ?

ಗಾರ್ತ್ ನೋಲೀನ್‌ಗೆ ಕೊಟೇಶನ್ ತೊಡಿಸಿದ, ಕರ್ಸಿವ್‌ನನ್ನು ಹಾಗೇ ಬಿಟ್ಟ. ಕೈಬರಹ ಮರಳಿ ಬಂತು. ಅಷ್ಟರಲ್ಲಿ ಬಾಗಿಲ ಗಂಟೆ ಕಿಣಿಗುಟ್ಟಿತು. ನೋಲೀನ್ ಚಕ್ರದ ವಾಕರ್ ತಳ್ಳಿಕೊಂಡು ಬಂದು, ಕನ್ನಡಕ ಏರಿಸಿ, ಪರದೆಗೆ ಮೂಗು ತಾಗಿಸಿ ನೋಡಿದಳು.

ನೋಲೀನ್: ಚೆನ್ನಾಗಿದೆ ಕಣೇ. ಇದು ಬೆರಿಲ್ ಅಕ್ಷರ ಅಲ್ವಾ?

ಡೆಸ್ಲಿ: ಯಾವ ಬೆರಿಲ್?

ನೋಲೀನ್: ಎದುರುಮನೆ ಬೆರಿಲ್. ಅಡುಗೆ ಪುಸ್ತಕಕ್ಕೆ ನಾನು ಹೇಳ್ತಾ ಹೋಗ್ತಿದ್ದೆ, ಅವಳು ಬರೀತಿದ್ಲು. ನನ್ನ ಅಕ್ಷರ ನಂಗೇ ಓದೋಕಾಗ್ತಿರ್ಲಿಲ್ಲ.

ಡೆಸ್ಲಿ ಹಿಟ್ಟಿಗಿಂತ ಬೆಳ್ಳಗಾದಳು.

ಗಾರ್ತ್: ಒಂದೇ ನಿಮಿಷ, ಬೆರಿಲ್ ಅಂತ ಬದಲಾಯಿಸ್ತೀನಿ. ಒಂದೇ ಪದ, ಅಂಕಿ ಇಲ್ಲ, ಕೊಟೇಶನ್ನೂ ಬೇಡ!

ನೋಲೀನ್: ಕೈ ತೆಗಿ ಮಗಾ. ನನ್ನ ಪೈನ ತನ್ನದು ಅಂತ ಐವತ್ತು ವರ್ಷದಿಂದ ಊರೆಲ್ಲ ಹಂಚ್ತಿದ್ದಾಳೆ ಅವಳು. ಅವಳ ಅಕ್ಷರನಾದ್ರೂ ನಂದಾಗೇ ಇರಲಿ.