ಶರಣಪ್ಪ ಕಾಕಾ ಕಂಡ ಖಾಲಿ ಶನಿವಾರ

ನಮ್ಮ ಕಣ್ಣಿಗೆ ಕಂಡದ್ದೇ ಎಲ್ಲರಿಗೂ ಕಾಣುತ್ತದೆ ಎಂದು ನಂಬಿ ನಾವು ಎಷ್ಟು ನಿಶ್ಚಿಂತೆಯಿಂದ ಬದುಕುತ್ತೇವೆ. ನನ್ನ ಹೊಟ್ಟೆಪಾಡೂ ಆ ನಂಬಿಕೆಯ ಮೇಲೆಯೇ ನಡೆದಿತ್ತು. ರಾಯಚೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ವೆಬ್‌ಸೈಟ್ ಮಾಡಿಕೊಡುವುದು ನನ್ನ ಕೆಲಸ. ಅಕ್ಕಿ ಗಿರಣಿಯವರಿರಲಿ, ಹಲ್ಲಿನ ಡಾಕ್ಟರಿರಲಿ, ಎಲ್ಲರೂ ಹೇಳುವುದು ಒಂದೇ ಮಾತು: "ಮೇಡಂ, ಸ್ವಲ್ಪ ಕಲರ್‌ಫುಲ್ ಇರ್ಲಿ." ಬಣ್ಣ ಸುರಿಯುವುದರಲ್ಲಿ ನಾನು ಎಂದೂ ಜಿಪುಣಿಯಲ್ಲ. ಊರಿನ ಒಂದು ಕಲ್ಯಾಣ ಮಂಟಪಕ್ಕೆ ಮಾಡಿಕೊಟ್ಟ ಕ್ಯಾಲೆಂಡರ್ ಅಂತೂ ನನ್ನ ಹೆಮ್ಮೆ. ಹಸಿರು ಚೌಕ ಅಂದರೆ ಮಂಟಪ ಖಾಲಿ, ಕೆಂಪು ಅಂದರೆ ಬುಕ್ ಆಗಿದೆ. ಸಣ್ಣ ಮಕ್ಕಳಿಗೂ ತಿಳಿಯುತ್ತದೆ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದೆ.

ನಮ್ಮ ಶರಣಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ದೇವದುರ್ಗದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟವರು. ಮಗಳ ಮದುವೆಗೆ ಅವರು ಇದೇ ಕ್ಯಾಲೆಂಡರ್ ನೋಡಿ ಒಂದು ಶನಿವಾರ ಗೊತ್ತುಮಾಡಿ, ಮಾನ್ವಿಯ ಬೀಗರಿಗೆ ಮಾತೂ ಕೊಟ್ಟುಬಿಟ್ಟರು. ಮುಂಗಡ ಕಟ್ಟಲು ಹೋದರೆ ಮಂಟಪದ ಮ್ಯಾನೇಜರು, "ಆ ದಿನ ಬ್ಯಾರೆಯವರ ಮದಿವಿ ಅದರೀ," ಎಂದರಂತೆ. ಕಾಕಾ ಅಲ್ಲಿಂದ ತಮ್ಮ ಹೆಂಡತಿ, ನಮ್ಮ ಚಿಗವ್ವನ ಜೊತೆ ನೆಟ್ಟಗೆ ನಮ್ಮ ಮನೆಗೆ ಬಂದರು.

"ನಿನ್ನ ಕಂಪ್ಯೂಟರ್ ಸುಳ್ಳು ಹೇಳ್ತದವ್ವಾ. ಬೀಗರಿಗೆ ಹೆಂಗ ಮಾರಿ ತೋರಿಸ್ಲಿ?"

ನಾನು ಲ್ಯಾಪ್‌ಟಾಪ್ ತೆರೆದೆ. ಶನಿವಾರ ಕೆಂಪಗೇ ಇತ್ತು. "ಕಾಕಾ, ಕೆಂಪು ಅದ ನೋಡ್ರಿ."

"ಕೆಂಪು ಎಲ್ಲದ? ಬಾಜೂ ಚೌಕದಂಗನ ಅದ."

ತಮಾಷೆ ಎಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ. ಚಿಗವ್ವ ಚಹಾ ಕಪ್ಪು ಕೆಳಗಿಟ್ಟು, "ಟೊಮೆಟೊ ತರಾಕ ಕಳಿಸಿದ್ರ ಒಂದೊಂದನ್ನ ಹಿಚುಕಿ ನೋಡಿ ತರ್ತಾರ. ನಾ ಇವ್ರು ಭಾಳ ಹುಷಾರಿ ಅನ್ಕೊಂಡಿದ್ನಿ," ಎಂದರು.

ನನಗೆ ಮದುವೆ ಮರೆತೇಹೋಯಿತು. ಕಿಟಕಿಯ ಪರದೆ, ಬಕೆಟ್ಟು, ಅಂಗಳದ ಬೇವಿನ ಗಿಡ, ಒಂದೊಂದನ್ನೇ ತೋರಿಸಿ ಬಣ್ಣ ಕೇಳಿದೆ. ಕಾಕಾ ಕೋರ್ಟಿನಲ್ಲಿ ನಿಂತವರಂತೆ ತಾಳ್ಮೆಯಿಂದ ಉತ್ತರ ಕೊಟ್ಟರು.

"ಸಿಗ್ನಲ್‌ನ್ಯಾಗ ಹೆಂಗ ಮಾಡ್ತೀರಿ?"

"ಮ್ಯಾಲಿನ ದೀಪ ಹತ್ತಿದ್ರ ನಿಲ್ಲೂದು, ಕೆಳಗಿಂದು ಹತ್ತಿದ್ರ ಹೋಗೂದು. ಬಣ್ಣ ಯಾಕ ಬೇಕು?"

ಬಣ್ಣ ಯಾಕೆ ಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯನ್ನು ಕಪ್ಪು-ಬಿಳುಪು ಮಾಡಿ ನೋಡಿದೆ. ನನ್ನ ಹೆಮ್ಮೆಯ ಕ್ಯಾಲೆಂಡರ್ ಇಡೀ ಬೂದಿ ಬಡಿದುಕೊಂಡು ಕೂತಿತ್ತು. ಮದುವೆ ಇರುವ ದಿನ ಯಾವುದು, ಇಲ್ಲದ ದಿನ ಯಾವುದು, ನನಗೇ ತಿಳಿಯಲಿಲ್ಲ. ಕಾಕಾನ ಮೇಲೆ ಕರುಣೆ ಬರುವ ಮೊದಲು ನಾಚಿಕೆ ಬಂತು.

ಅಲ್ಲೇ ಕೂತು ಬದಲಿಸಿದೆ. ಪ್ರತಿ ಚೌಕದಲ್ಲೂ "ಖಾಲಿ" ಅಥವಾ "ಭರ್ತಿ" ಎಂದು ಬರೆದೆ. ಭರ್ತಿಯಾದ ದಿನಗಳಿಗೆ ಓರೆ ಗೆರೆ ಎಳೆದೆ. ಕಾಕಾ ಕಣ್ಣು ಕಿರಿದು ಮಾಡಿ, "ಅಕ್ಷರ ಅದಾವ, ಓದಾಕ ಬರವಲ್ವು," ಎಂದರು. ತೆಳು ಬಣ್ಣದ ಮೇಲೆ ತೆಳು ಅಕ್ಷರ ಹಾಕಿದ್ದೆ, ಚೆಂದ ಕಾಣಲಿ ಅಂತ. ಅಕ್ಷರ ದಟ್ಟ ಮಾಡಿದೆ. ಆಗ ಕಾಕಾ ಬೆರಳಿಟ್ಟು ನಿಧಾನ ಓದಿದರು: "ಸೋಮವಾರ ಖಾಲಿ."

ಕೂಡಲೇ ಬೀಗರಿಗೆ ಫೋನ್ ಮಾಡಿದರು. ಏನಾದರೊಂದು ನೆಪ ಹೇಳುತ್ತಾರೆ ಎಂದುಕೊಂಡೆ. ಕಾಕಾ ಇದ್ದದ್ದನ್ನೇ ಹೇಳಿದರು. "ನನಗ ಕೆಂಪು ಹಸಿರು ಒಂದ ಕಾಣಸ್ತಾವ್ರೀ, ತಪ್ಪಾತು. ಸೋಮವಾರ ಇಟ್ಕೊಳ್ಳೂಣೇನು?" ಚಿಗವ್ವ ಸೆರಗಿನ ತುದಿ ಹಿಡಿದು ನಿಂತರು. ಫೋನಿನ ಸ್ಪೀಕರಿನಲ್ಲಿ ಬೀಗರ ದನಿ ಕೇಳಿತು: "ಸೋಮವಾರ ಅಂದ್ರ ಇನ್ನೂ ಚಲೋರಿ, ದೇವರ ವಾರ. ನಮ್ಮಣ್ಣನೂ ನಿಮ್ಮಂಗ ಅದಾನ. ನೀವಿಬ್ರೂ ಕೂಡಿ ಸೀರಿ ಆರ್ಸಾಕ ಮಾತ್ರ ಹೋಗಬ್ಯಾಡ್ರಿ."

ಹಾಗಾಗಿ ಸೀರೆ ಆರಿಸಲು ನನ್ನನ್ನು ಕರೆದೊಯ್ದರು. ಬಣ್ಣ ತಿಳಿದವಳು ಅಂತ. ಅಂಗಡಿಯವನು ಒಂದು ರೇಷ್ಮೆ ಸೀರೆ ಬಿಚ್ಚಿ ಹರಡಿದ. "ಈ ಹಸಿರು ಚಲೋ ಅದ," ಎಂದೆ. ಚಿಗವ್ವ ಅದು ನೀಲಿ ಎಂದರು. ಮದುಮಗಳೂ ನೀಲಿ ಎಂದಳು. ಅಂಗಡಿಯವನೂ, ಪಕ್ಕದಲ್ಲಿ ಬೇರೆ ಸೀರೆ ನೋಡುತ್ತಿದ್ದ ಅಪರಿಚಿತ ಹೆಂಗಸೂ ನೀಲಿ ಎಂದರು. ನಾನು ಸೀರೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು, ತಿರುಗಿಸಿ, ಹಸಿರೇ ಎಂದು ವಾದಿಸಿದೆ.

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಕಾಕಾ ನನ್ನನ್ನು ಬಹಳ ಅಕ್ಕರೆಯಿಂದ ನೋಡಿ, ಉಳಿದವರಿಗೆ ಮೆಲ್ಲಗೆ ಹೇಳಿದರು: "ಹೋಗ್ಲಿ ಬಿಡ್ರಿ. ಆಕಿಗೆ ಹಂಗ ಕಾಣಸ್ತದ."