ಮಂಜುಗಡ್ಡೆಯ ಮೇಲಿನ ನಾಲ್ಕಾಣೆ

ನಮ್ಮ ಕಾಕಾನಿಗೆ ಹೆಂಡತಿಗಿಂತ ಫ್ರಿಜ್ಜಿನ ಮೇಲೆ ಪ್ರೀತಿ ಹೆಚ್ಚು ಎಂಬುದು ಖಾನಾಪುರಕ್ಕೆಲ್ಲ ಗೊತ್ತಿತ್ತು. ಅದೂ ಸ್ವಂತದ್ದಲ್ಲ, ಸರಕಾರದ್ದು! ಎಪ್ಪತ್ತರ ದಶಕದ ಕೊನೆಯ ಮಾತು. ಕಾಕಾ ಸರಕಾರಿ ದವಾಖಾನೆಯ ಕಂಪೌಂಡರ್. ನಾನು ಅವನ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಹುಚ್ಚುನಾಯಿ ಕಡಿದವರ ಹೊಟ್ಟೆಗೆ ಚುಚ್ಚುವ ಹದಿನಾಲ್ಕು ಸೂಜಿಯ ಲಸಿಕೆ ಆ ಫ್ರಿಜ್ಜಿನಲ್ಲಿರುತ್ತಿತ್ತು. ಡಾಕ್ಟರರ ಮೊಸರಿಗೂ ಅಲ್ಲಿ ಜಾಗವಿರಲಿಲ್ಲ.

ಬೆಳಗಾವಿಯಿಂದ ಲಸಿಕೆ ತರುವಾಗ ಕಾಕಾ ಬರ್ಫದ ಗಡ್ಡೆ ತುಂಬಿದ ಡಬ್ಬಿಯನ್ನು ಬಸ್ಸಿನ ಸೀಟಿನ ಮೇಲೆ ಕೂರಿಸಿ ತಾನು ನಿಂತು ಬರುತ್ತಿದ್ದ.

"ಸಾಹೇಬ್ರ, ಇದಕ್ಕೂ ತಿಕೀಟ ತಗೋರಿ," ಎಂದ ಒಮ್ಮೆ ಕಂಡಕ್ಟರ್.

"ಕೊಡ್ರಿ. ಆದ್ರ ಬಿಸಿಲ ಬಾಜು ಕುಂದರಸಂಗಿಲ್ಲ ನೋಡ್ರಿ."

ಕಾಟವೆಲ್ಲ ಕರೆಂಟಿನದು. ಅದಕ್ಕೆ ಕಾಕಾ ಫ್ರಿಜ್ಜಿನೊಳಗೆ ಒಂದು ವಾಟಿ ಬಟ್ಟಲಿನಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ನಾಲ್ಕಾಣೆಯ ನಾಣ್ಯ ಇಟ್ಟಿದ್ದ. ಕರೆಂಟು ಬಹಳ ಹೊತ್ತು ಹೋದರೆ ಬರ್ಫ ಕರಗಿ ನಾಣ್ಯ ತಳ ಸೇರುತ್ತದೆ. ಮತ್ತೆ ಹೆಪ್ಪುಗಟ್ಟಿದರೂ ಮೇಲೆ ಬರುವುದಿಲ್ಲ. ಅಲ್ಲಿಗೆ ಲಸಿಕೆ ಕೆಟ್ಟಂತೆ. ಬೆಳಗ್ಗೆ ಎದ್ದರೆ ದೇವರಿಗಿಂತ ಮೊದಲು ನಾಲ್ಕಾಣೆಯ ದರ್ಶನ!

ಕೆಟ್ಟದ್ದನ್ನು ಚೆಲ್ಲಲು ಅಧಿಕಾರಿ ಬಂದು ನೋಡಿ ಸಹಿ ಹಾಕಬೇಕು. ಅಲ್ಲಿಯವರೆಗೆ ಕಾಗದದ ಮೇಲೆ ದಾಸ್ತಾನು ಇದ್ದೇ ಇದೆ, ಹೊಸದು ಕೊಡುವುದಿಲ್ಲ. ಲಸಿಕೆ ತಯಾರಾಗುತ್ತಿದ್ದುದು ಒಂದು ತಾಸಿನ ದಾರಿಯ ಬೆಳಗಾವಿಯಲ್ಲಿ, ಅಪ್ಪಣೆ ತಯಾರಾಗುತ್ತಿದ್ದುದು ಬೆಂಗಳೂರಿನಲ್ಲಿ. ನಾಯಿಗೆ ಇದನ್ನೆಲ್ಲ ಯಾರು ತಿಳಿಸಿ ಹೇಳಬೇಕು? ಒಮ್ಮೆ ನಾಣ್ಯ ಮುಳುಗಿದಾಗ ಕಾಕಾ ಬಂದ ರೋಗಿಗಳನ್ನೆಲ್ಲ ಬೆಳಗಾವಿಗೆ ಅಟ್ಟಿ, ಮೂರು ದಿನ ಅನ್ನ ಮುಟ್ಟಲಿಲ್ಲ. ಅವನ ಹೆಂಡತಿ, ನಮ್ಮ ಕಾಕು, ಉಣ್ಣೆಂದು ಗೋಗರೆದು ಸೋತಳು.

ಮರುವರ್ಷ ಮಳೆಗಾಲದಲ್ಲಿ ಎರಡು ದಿನ ಕರೆಂಟು ಹೋಯಿತು. ಕಾಕಾ ಯಾವುದೋ ಸಹಿಗಾಗಿ ಬೆಳಗಾವಿಯ ಕಚೇರಿಯಲ್ಲಿ ಕುಳಿತಿದ್ದ. ದವಾಖಾನೆಯ ಕೀಲಿ ಕಾಕುವಿನ ಹತ್ತಿರವಿತ್ತು. ಕಾಕಾ ಬಂದು ನೋಡಿದರೆ ನಾಣ್ಯ ಮೇಲೇ ಇದೆ! ಅಂದು ಖುಷಿಯಲ್ಲಿ ಎರಡು ರೊಟ್ಟಿ ಹೆಚ್ಚು ತಿಂದ.

ಅದೇ ವಾರ ನಂದಗಡದಿಂದ ನಾಯಿ ಕಡಿದ ಹೆಂಗಸೊಬ್ಬಳು ಬಂದಳು. ಹೊಲದಲ್ಲಿ ಕಳೆ ತೆಗೆಯುವವಳು. ದಿನಾ ನಡೆದು ಬಂದು, ಒಂದೂ ತಪ್ಪಿಸದೆ ಹದಿನಾಲ್ಕು ಸೂಜಿ ಹಾಕಿಸಿಕೊಂಡಳು. ತಿಂಗಳಾಗುವುದರೊಳಗೆ ನೀರು ಕಂಡರೆ ಚೀರುತ್ತ ಸತ್ತಳು.

ಸುದ್ದಿ ಕೇಳಿ ಕಾಕು ಒಲೆಯ ಮೇಲಿನ ರೊಟ್ಟಿ ಬಿಟ್ಟು ಕಾಕಾನ ಮುಂದೆ ಬಂದಳು. "ನಾಣ್ಯಾ ತಳಕ್ಕ ಹೋಗಿತ್ರಿ. ನಾನ ತಗದು, ಕರೆಂಟ್ ಬಂದು ನೀರು ಬರ್ಫ ಆದಮ್ಯಾಲ ಮತ್ತ ಮ್ಯಾಲಿಟ್ಟಿದ್ದೆ. ಮತ್ತ ಉಪಾಸ ಬೀಳತೀರಿ ಅಂತ..."

ನನಗೆ ಕಾಕುವಿನ ಮುಖ ನೋಡಲು ಆಗಲಿಲ್ಲ. ಅಷ್ಟು ಸಿಟ್ಟು ಬಂದಿತ್ತು. ಕಾಕಾ ಕಚೇರಿಗೆ ಪತ್ರ ಬರೆದ: ಲಸಿಕೆ ಕೆಟ್ಟಿದ್ದನ್ನು ಗಮನಿಸದೆ ಕೊಟ್ಟ ತಪ್ಪು ನನ್ನದು. ಕಾಕುವಿನ ಹೆಸರಿರಲಿಲ್ಲ. ನೌಕರಿ ಹೋಯಿತು. ವರ್ಷಗಟ್ಟಲೆ ಬಾರದ ಅಪ್ಪಣೆ ಈ ಸಲ ವಾರದಲ್ಲೇ ಬಂತು.

ಕಾಕು ಊಟ ಬಿಟ್ಟಳು. ನಾಲ್ಕನೆಯ ದಿನ ಕಾಕಾ ತಾನೇ ರೊಟ್ಟಿ ಬಡಿದ, ದಪ್ಪಗೆ, ಅಂಚೆಲ್ಲ ಹರಿದದ್ದು. ಹಾಲಿನಲ್ಲಿ ಅದನ್ನು ನೆನೆಸಿ ತುತ್ತು ಮಾಡಿ ಅವಳ ಬಾಯಿಗೆ ಹಿಡಿದ.

"ತಿನ್ನು," ಎಂದ. "ಆ ಮೂರು ದಿನ ನಾ ಉಂಡಿದ್ರ ನೀ ಹಂಗ ಮಾಡತಿದ್ದಿಲ್ಲ."