ಗೆಟ್ ಎಂಬ ಪದವೂ ನಮ್ಮ ಅಕ್ಕನೂ

ಇಂಗ್ಲಿಷ್ ಕಲಿಯುವುದು ಕಷ್ಟ ಎನ್ನುವವರನ್ನು ನಾನು ಬೇಕಾದಷ್ಟು ಮಂದಿ ಕಂಡಿದ್ದೇನೆ. ಕಲಿಸುವುದು ಕಷ್ಟ ಎಂದು ಬಾಯಿಬಿಟ್ಟು ಹೇಳಿದ ಮೇಷ್ಟರನ್ನು ಮಾತ್ರ ಇದುವರೆಗೆ ಕಂಡಿಲ್ಲ. ಅದು ನಮ್ಮ ವೃತ್ತಿಯ ಗುಟ್ಟು. ಗೊತ್ತಿಲ್ಲದ ಪದ ಎದುರಾದಾಗ ಒಂದು ಸಲ ಕೆಮ್ಮಿ, ಕರಿಹಲಗೆಯನ್ನು ನಿಧಾನವಾಗಿ ಒರೆಸಿ, ‘ಇದು ನಿಮಗೆ ಮುಂದಿನ ವರ್ಷ ಬರುತ್ತದೆ’ ಎಂದುಬಿಡುವುದು ಅಭ್ಯಾಸವಾದರೆ ಮಿಡ್ಲ್ ಸ್ಕೂಲಿನಲ್ಲಿ ಪಿಂಚಣಿಯವರೆಗೂ ಮರ್ಯಾದೆಯಿಂದ ಕಾಲ ಹಾಕಬಹುದು. ಉದ್ದುದ್ದ ಪದಗಳಿಗೆ ನಾನು ಎಂದೂ ಹೆದರಿದವನಲ್ಲ. ಅವಕ್ಕೆ ಇರುವುದು ಒಂದೇ ಅರ್ಥ. ನಿಘಂಟಿನಲ್ಲಿ ತಮ್ಮ ಪಾಡಿಗೆ ತಾವು ಕೂತಿರುತ್ತವೆ. ನನ್ನನ್ನು ಹಣ್ಣು ಮಾಡಿದ್ದು ‘ಗೆಟ್’ ಎನ್ನುವ ಒಂದು ಚೋಟುದ್ದದ ಪದ. ಎಳೆಯ ಮಕ್ಕಳ ಮೊದಲ ಪಾಠದಲ್ಲೇ ಬರುವ ಪದ ಅದು.

ಆಗ ನಾನು ಮಳವಳ್ಳಿಯಲ್ಲಿ ಮೇಷ್ಟರ ಕೆಲಸಕ್ಕೆ ಹೊಸಬ. ನಮ್ಮೂರು ಬೆಳಕವಾಡಿ. ಕೆಲಸ ಸಿಕ್ಕಿದ ಮೇಲೆ ಅವ್ವನನ್ನೂ ಅಕ್ಕ ದೇವೀರಮ್ಮನನ್ನೂ ಕರೆದುಕೊಂಡು ಬಂದು ಪೇಟೆಯ ಹಿಂದೆ ಒಂದು ಬಾಡಿಗೆ ಮನೆ ಹಿಡಿದಿದ್ದೆ. ಅಕ್ಕನಿಗೆ ಮದುವೆಯಾಗಿ ಎರಡು ವರ್ಷಕ್ಕೇ ಭಾವ ಹೋಗಿಬಿಟ್ಟಿದ್ದರು. ಮಕ್ಕಳಿರಲಿಲ್ಲ. ಅವಳು ತವರಿಗೆ ಬಂದವಳೇ ನನ್ನನ್ನು ಮಗನಂತೆ ಸಾಕಿದಳು. ಕೇರಿಯಲ್ಲಿ ಯಾರಿಗೆ ಹೆರಿಗೆಯಾದರೂ ಅಕ್ಕ ಅಲ್ಲಿರಬೇಕು. ಸೂಲಗಿತ್ತಿಯೇನೂ ಅಲ್ಲ, ಆದರೆ ನೋವು ತಿನ್ನುವವರ ಬೆನ್ನ ಮೇಲೆ ಅವಳ ಕೈ ಬಿದ್ದರೆ ಅವರಿಗೆ ಧೈರ್ಯ ಬರುತ್ತಿತ್ತು. ಒಂದು ಸಲ ಶ್ಯಾನುಭೋಗರ ಸೊಸೆಗೆ ಹೆರಿಗೆ ಕಷ್ಟವಾಗಿ ಮಂಡ್ಯದ ಹೆಂಗಸರ ಆಸ್ಪತ್ರೆಯಿಂದ ಇಂಗ್ಲಿಷ್ ಡಾಕ್ಟರಮ್ಮನನ್ನು ಮೋಟಾರಿನಲ್ಲಿ ಕರೆತಂದಿದ್ದರು. ಆಕೆ ತಾಯಿ ಮಗು ಇಬ್ಬರನ್ನೂ ಉಳಿಸಿ ಹೊರಡುವಾಗ, ಜೊತೆಗಿದ್ದ ನರ್ಸಿನ ಬಾಯಲ್ಲಿ ಅಕ್ಕನಿಗೆ ಒಂದು ಮಾತು ಹೇಳಿಸಿದರು. ಔಷಧಿಯ ಹೆಸರು ಓದುವಷ್ಟು, ಹೇಳಿದ್ದು ತಿಳಿಯುವಷ್ಟು ಇಂಗ್ಲಿಷ್ ಕಲಿತು ಬಾ, ಆಸ್ಪತ್ರೆಯಲ್ಲಿ ಕೆಲಸ ಕಲಿಸುತ್ತೇನೆ ಎಂದು.

ಮನೆಯಲ್ಲಿ ಇದಕ್ಕೆ ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಭಾವನ ಅಣ್ಣ ಸೋಮನಹಳ್ಳಿಯಲ್ಲಿದ್ದ. ಅವನ ಹೆಂಡತಿ ಕಾಯಿಲೆಯವಳು. ದನಕರು, ಮಕ್ಕಳು, ಒಲೆ ಎಲ್ಲಕ್ಕೂ ಒಂದು ಹೆಣ್ಣಾಳು ಬೇಕಾಗಿ, ಅಕ್ಕನನ್ನು ಕಳಿಸಿಕೊಡಿ ಎಂದು ಮೇಲಿಂದ ಮೇಲೆ ಹೇಳಿಕಳಿಸುತ್ತಿದ್ದ. ಅವ್ವನಿಗೆ ಅದೇ ಮರ್ಯಾದೆಯ ದಾರಿಯಾಗಿ ಕಂಡಿತ್ತು. ಅಕ್ಕ ಜಗಳವಾಡಲಿಲ್ಲ. ಡಾಕ್ಟರಮ್ಮ ಬೇಡವೆಂದರೆ ಮರುಮಾತಾಡದೆ ಸೋಮನಹಳ್ಳಿಗೆ ಹೋಗುತ್ತೇನೆ ಎಂದಳು. ಅವ್ವ ಅದಕ್ಕೆ ತಲೆಯಾಡಿಸಿದಳು. ಹೀಗೆ ನಮ್ಮ ಅಕ್ಕನ ಮುಂದಿನ ಬದುಕೆಲ್ಲ ನನ್ನ ಇಂಗ್ಲಿಷಿನ ಮೇಲೆ ಬಂದು ಕೂತಿತು. ಆಗ ನನಗೆ ಅದರಿಂದ ಹೆಮ್ಮೆಯೇ ಆಗಿತ್ತು.

ಪಾಠ ನಡೆಯುತ್ತಿದ್ದುದು ಅಡಿಗೆಮನೆಯಲ್ಲಿ. ಅಕ್ಕ ರಾಗಿ ಬೀಸುತ್ತಿದ್ದಳು, ನಾನು ಗೋಡೆಗೆ ಒರಗಿ ಕೂತು ಹೇಳಿಕೊಡುತ್ತಿದ್ದೆ. ಮೊದಲ ದಿನ ಗೆಟ್ ಎಂದರೆ ಪಡೆ ಎಂದೆ. ಅವಳು ಬಾಯಿಪಾಠ ಮಾಡಿಕೊಂಡಳು. ಮಾರನೆಯ ದಿನ ಗೆಟ್ ಅಪ್ ಎಂದರೆ ಏಳು ಎಂದೆ. ‘ಪಡಿಯೋದು ಎಲ್ಲೋಯ್ತು?’ ಎಂದು ಕೇಳಿದಳು. ನಾನು ಕೆಮ್ಮಿದೆ. ಆಮೇಲೆ ಗೆಟ್ ಇನ್ ಎಂದರೆ ಒಳಗೆ ಬಾ, ಗೆಟ್ ಔಟ್ ಎಂದರೆ ಆಚೆಗೆ ನಡಿ, ಗೆಟ್ ಆನ್ ಎಂದರೆ ಗಾಡಿ ಹತ್ತು, ಗೆಟ್ ವೆಟ್ ಎಂದರೆ ನೆನೆ ಎಂದು ಒಂದೊಂದಾಗಿ ಬಂದವು. ಅಕ್ಕ ಬೀಸುವುದನ್ನು ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ‘ಪಾಪ, ಇದೂ ನನ್ನಂಗೇ ಕಣ್ಲಾ. ಯಾರ ಮನೇಲಿ ಏನ್ ಕೆಲ್ಸ ಇದ್ರೂ ಇದ್ನೇ ಕರೀತಾರೆ’ ಎಂದಳು. ನಗುತ್ತಲೇ ಹೇಳಿದಳು. ನನಗೆ ಮಾತ್ರ ನಗು ಬರಲಿಲ್ಲ. ಅಂದು ಪಾಠವನ್ನು ಅಲ್ಲಿಗೇ ನಿಲ್ಲಿಸಿದೆ. ಅವಳೇನೂ ನಿಲ್ಲಿಸಲಿಲ್ಲ. ಬೆಳಗ್ಗೆ ನನ್ನನ್ನು ‘ಗೆಟ್ ಅಪ್ ಕಣ್ಲಾ’ ಎಂದು ಎಬ್ಬಿಸುವಳು. ಅಡಿಗೆಮನೆಗೆ ನುಗ್ಗಿದ ಪಕ್ಕದ ಮನೆಯ ಕೋಳಿಯನ್ನು ‘ಗೆಟ್ ಔಟ್’ ಎಂದು ಅಟ್ಟುವಳು. ನನ್ನ ಶಿಷ್ಯರಲ್ಲಿ ಯಾರಿಗೂ ಆ ಕೋಳಿಗೆ ತಿಳಿದಷ್ಟು ಬೇಗ ಇಂಗ್ಲಿಷ್ ತಿಳಿದದ್ದಿಲ್ಲ.

ಕೊನೆಗೊಂದು ದಿನ ಹೊರಟೆವು. ಮದ್ದೂರಿನವರೆಗೆ ಬಸ್ಸು, ಅಲ್ಲಿಂದ ಮಂಡ್ಯಕ್ಕೆ ರೈಲು, ಸ್ಟೇಷನ್ನಿನಿಂದ ಒಬ್ಬ ಸಾಬರ ಜಟಕಾ. ಅಕ್ಕ ಬರಿಗೈಯಲ್ಲಿ ಹೋಗಬಾರದೆಂದು ಒಂದು ಗಂಟು ಹುರಿಗಾಳು ಕಟ್ಟಿಕೊಂಡಿದ್ದಳು. ಕನ್ನಡ ಬಲ್ಲ ನರ್ಸು ಆ ಹೊತ್ತಿಗೆ ಹೆರಿಗೆ ಕೋಣೆಯಲ್ಲಿದ್ದುದರಿಂದ ಡಾಕ್ಟರಮ್ಮ ಒಬ್ಬರೇ ಜಗಲಿಗೆ ಬಂದರು. ಎಷ್ಟು ದೂರದಿಂದ ಬಂದಿರಲ್ಲ, ಹೇಗೆ ಬಂದಿರಿ ಎನ್ನುವ ಅಕ್ಕರೆಯಿಂದ, ‘ಹೌ ಡಿಡ್ ಯೂ ಗೆಟ್ ಹಿಯರ್?’ ಎಂದು ಅಕ್ಕನನ್ನೇ ಕೇಳಿದರು. ಈ ಗೆಟ್ಟನ್ನು ನಾನು ಹೇಳಿಕೊಟ್ಟಿರಲಿಲ್ಲ. ಅಕ್ಕ ಯೋಚಿಸಿದಳು. ಇಲ್ಲಿ ನೀನು ಏನು ಪಡೆದೆ ಎಂದು ಕೇಳುತ್ತಿದ್ದಾರೆ ಎಂದುಕೊಂಡಳು. ಏನೂ ಕದ್ದವಳಲ್ಲ, ಕೇಳಿದವಳೂ ಅಲ್ಲ. ಗಂಟನ್ನು ಮುಂದಿಟ್ಟು, ಸ್ಪಷ್ಟವಾಗಿ, ‘ನೋ ಗೆಟ್. ಐ ಗಿವ್’ ಎಂದಳು.

ಡಾಕ್ಟರಮ್ಮ ನಕ್ಕರು ನೋಡಿ, ಆ ನಗುವಿನಲ್ಲಿ ನನ್ನ ಮೇಷ್ಟರಗಿರಿಯೆಲ್ಲ ಕೊಚ್ಚಿಹೋಯಿತು. ಅವರು ಅಕ್ಕನ ಎರಡು ಕೈಗಳನ್ನೂ ಹಿಡಿದು ತಿರುಗಿಸಿ ನೋಡಿದರು. ಉಗುರು ನೋಡಿದರು, ಕೈಗಳನ್ನು ಮೆಲ್ಲನೆ ಅದುಮಿದರು. ಆಮೇಲೆ ‘ಯೂ ವಿಲ್ ಗೆಟ್ ಆನ್’ ಎಂದು ಹೇಳಿ ಸರಸರನೆ ಒಳಗೆ ಹೋದರು. ಗೇಟಿನಲ್ಲಿ ಸಾಬರು ಹೊತ್ತಾಯಿತೆಂದು ಗಂಟೆ ಬಾರಿಸುತ್ತಿದ್ದರು. ನನಗೆ ಎಲ್ಲ ಅರ್ಥವಾಗಿಹೋಯಿತು. ಗೆಟ್ ಆನ್ ಎಂದರೆ ಗಾಡಿ ಹತ್ತು. ನಾನೇ ಹೇಳಿಕೊಟ್ಟದ್ದು. ‘ನಡಿ ಅಕ್ಕ, ಗಾಡಿ ಹತ್ತು ಅಂದ್ರು’ ಎಂದೆ. ಅವಳು ಒಂದು ಸಲ ಬಾಗಿಲ ಕಡೆ ತಿರುಗಿ ನೋಡಿ, ಬಂದು ಜಟಕಾ ಹತ್ತಿದಳು.

ರೈಲಿನಲ್ಲಿ ನಾನು ಸಮಾಧಾನ ಹೇಳುತ್ತಲೇ ಇದ್ದೆ. ಸೋಮನಹಳ್ಳಿಯೇನು ದೂರವೆ, ಹಬ್ಬಕ್ಕೆ ಕರೆದುಕೊಂಡು ಬರುತ್ತೇನೆ, ಮಕ್ಕಳು ಹೊಂದಿಕೊಳ್ಳುತ್ತವೆ, ಹೀಗೆ. ಅಕ್ಕ ಕಿಟಕಿಯಾಚೆ ಕಬ್ಬಿನ ಗದ್ದೆಗಳನ್ನು ನೋಡುತ್ತಿದ್ದಳು. ತನ್ನ ಅಂಗೈಯನ್ನು ಆಗಾಗ ತಿರುಗಿಸಿ ನೋಡಿಕೊಳ್ಳುತ್ತಿದ್ದಳು. ಮದ್ದೂರಿನಲ್ಲಿ ಇಳಿದೆವು. ನಾನು ಎರಡು ವಡೆ ಕೊಂಡುಕೊಂಡು ಬರುವಷ್ಟರಲ್ಲಿ ಮಂಡ್ಯದ ಮೇಲೆ ಮೈಸೂರಿನ ಕಡೆಗೆ ಹೋಗುವ ಗಾಡಿ ಬಂದು ನಿಂತಿತ್ತು. ಅಕ್ಕ ಆ ಗಾಡಿಯ ಬಾಗಿಲ ಹತ್ತಿರ ನಿಂತಿದ್ದಳು. ಅದು ನಮ್ಮದಲ್ಲ, ನಾವು ಬಸ್ಸಿಗೆ ಹೋಗಬೇಕು ಎಂದೆ.

‘ಬ್ಯಾಡ ಅನ್ನೋರು ಅಂಗೆ ಕೈ ಅದುಮಾಕಿಲ್ಲ ಕಣ್ಲಾ’ ಎಂದಳು ಅಕ್ಕ. ‘ನಾನು ಓಗಿ ಕೇಳ್ಕಂಡು ಬತ್ತೀನಿ.’

ಅವರ ಬಾಯಲ್ಲಿ ಬಂದ ಮಾತನ್ನು ನಾನೇ ಕೇಳಿದ್ದೇನೆ, ಅದರ ಅರ್ಥ ನನಗೆ ಗೊತ್ತು ಎಂದೆ. ವ್ಯಾಕರಣದ ಹೆಸರನ್ನೂ ಎತ್ತಿದೆ.

‘ನೀನು ಮಾತು ಕೇಳ್ದೆ. ನಾನು ಮುಖ ನೋಡ್ತಿದ್ದೆ’ ಎಂದು ಹೇಳಿ ಅಕ್ಕ ಗಾಡಿ ಹತ್ತಿದಳು. ಅಲ್ಲಿಯವರೆಗೆ ಅವಳು ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಯಾರಾದರೂ ಕರೆದರೆ ಹೋಗುವಳು, ಕಳಿಸಿದರೆ ಬರುವಳು. ಈಗ ಟಿಕೆಟ್ಟಿಲ್ಲದೆ, ತಮ್ಮನ ಒಪ್ಪಿಗೆಯಿಲ್ಲದೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯ ಪಕ್ಕ ಕೂತುಬಿಟ್ಟಿದ್ದಳು. ನಾನು ಟಿಕೆಟ್ಟಿಗೆ ಓಡಿ, ಹಿಂದಕ್ಕೆ ಓಡಿ, ಹೊರಟ ಗಾಡಿಯನ್ನು ಹೇಗೋ ಹತ್ತಿದೆ. ವಡೆ ಪ್ಲಾಟ್‌ಫಾರಂ ಮೇಲೆ ಉಳಿಯಿತು.

ಆಸ್ಪತ್ರೆಯ ಜಗಲಿಯಲ್ಲಿ ಡಾಕ್ಟರಮ್ಮನೂ ನರ್ಸೂ ಕೂತು ನಮ್ಮ ಹುರಿಗಾಳನ್ನೇ ತಿನ್ನುತ್ತಿದ್ದರು. ಪಕ್ಕದಲ್ಲಿ ಮಡಿಸಿಟ್ಟ ಒಂದು ಬಿಳಿಯ ಸೀರೆ. ನಮ್ಮನ್ನು ಕಂಡದ್ದೇ ನರ್ಸು ಎದ್ದು ಬಂದು ತರಾಟೆಗೆ ತೆಗೆದುಕೊಂಡಳು. ಅಮ್ಮಾವ್ರು ಸೀರೆ ತರಲು ಒಳಗೆ ಹೋದರೆ ಅಷ್ಟರಲ್ಲಿ ಎಲ್ಲಿಗೆ ಮಾಯವಾದಿರಿ ಎಂದಳು. ಗೆಟ್ ಆನ್ ಎಂದರಲ್ಲ ಎಂದೆ, ಧ್ವನಿ ಇಳಿದು. ಹೌದು, ಇವಳು ಇಲ್ಲಿ ಚೆನ್ನಾಗಿ ಮುಂದಕ್ಕೆ ಬರುತ್ತಾಳೆ ಎಂದರು, ಅದರಲ್ಲೇನು ತಪ್ಪು ಎಂದಳು ನರ್ಸು. ಅಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದರೆ ನನಗೆ ನಾಚಿಕೆಯಾದೀತೆಂದು ಬೇಕೆಂದೇ ನೋಡಲಿಲ್ಲ. ಸೀರೆಯನ್ನು ಕಣ್ಣಿಗೊತ್ತಿಕೊಂಡು ನಿಂತಳು. ನಾನು ಹೊರಡುವಾಗ ಗೇಟಿನವರೆಗೆ ಬಂದು, ಚಿಕ್ಕಂದಿನಲ್ಲಿ ಶಾಲೆಗೆ ಕಳಿಸುವಾಗ ಮಾಡುತ್ತಿದ್ದಂತೆ ನನ್ನ ಕೋಟಿನ ಗುಂಡಿ ಹಾಕಿ, ‘ಅವ್ವನ್ನ ನೋಡ್ಕ’ ಎಂದಳು. ಕಣ್ಣು ತುಂಬಿದ್ದು ಯಾರಿಗೆ ಎಂದು ಈಗ ಹೇಳಲಾರೆ, ಬಹುಶಃ ಇಬ್ಬರಿಗೂ.

ಮಳವಳ್ಳಿ ಸೇರುವಾಗ ದೀಪ ಹಚ್ಚುವ ಹೊತ್ತು. ನಾನೊಬ್ಬನೇ ಬಂದದ್ದನ್ನು ಕಂಡು ಅವ್ವ ಬಾಗಿಲಲ್ಲೇ ನಿಂತಳು. ಡಾಕ್ಟರಮ್ಮ ಅಕ್ಕನನ್ನು ಇಟ್ಟುಕೊಂಡರು ಎಂದು ಹೇಳಿದೆ. ಅವ್ವ ಕೈಕಾಲಿಗೆ ನೀರು ಕೊಟ್ಟು, ‘ಬುಡು, ಎಲ್ಲಿದ್ರೂ ಚೆಂದಾಗಿರ್ಲಿ’ ಎಂದಳು. ಮುದ್ದೆ ಬಡಿಸುತ್ತ, ‘ಅಲ್ಲಿ ಇಂಗ್ಲೀಸ್ನಿಂದ ಏನೂ ತೊಂದ್ರೆ ಆಗ್ಲಿಲ್ವಾ, ಮಗಾ?’ ಎಂದು ಕೇಳಿದಳು.

‘ಅಕ್ಕನಿಗೆ ಆಗ್ಲಿಲ್ಲ ಕಣವ್ವ’ ಎಂದೆ.

ಮತ್ತೆ ಯಾರಿಗೆ ಆಯಿತು ಎಂದು ಅವ್ವ ಕೇಳಲಿಲ್ಲ. ನಾನೂ ಮುದ್ದೆಯಿಂದ ತಲೆ ಎತ್ತಲಿಲ್ಲ.